ಚೆನ್ನಾಜಮ್ಮನ ಖಾಲಿ ಅಟ್ಟ

ನಮ್ಮೂರಿನಲ್ಲಿ ಮನೆಗೊಂದು ಏಣಿ, ಊರಿಗೆಲ್ಲ ಒಂದೇ ಅಟ್ಟ. ನೀವು ನಿಮ್ಮ ಮನೆಯ ಏಣಿ ಹತ್ತಿದರೆ ನಿಮ್ಮ ಮೂಟೆ, ನಿಮ್ಮ ಹಾಸಿಗೆ, ನಿಮ್ಮ ಮುರಿದ ತೊಟ್ಟಿಲು ಕಾಣುತ್ತದೆ. ನಾನು ನನ್ನ ಏಣಿ ಹತ್ತಿದರೆ ನನ್ನದು. ಮೇಲೆ ಯಾರಿಗೂ ಯಾರೂ ಎದುರಾಗುವುದಿಲ್ಲ, ಆದರೆ ಎಲ್ಲರೂ ಇಡುವುದು ಅದೇ ಹಲಗೆಗಳ ಮೇಲೆ. ಹೊಸದಾಗಿ ಸಂಸಾರ ಹೂಡುವ ಪ್ರತಿಯೊಬ್ಬರಿಗೂ ಅಟ್ಟದ ಸಮಿತಿಯವರು ಮದುವೆ ಚಪ್ಪರದಲ್ಲೇ ತೆಂಗಿನಕಾಯಿ ಕೊಟ್ಟು, ಬೇಕಾದಷ್ಟು ಜಾಗ ಮೇಲಿದೆ ಎಂದು ಹಾರೈಸುತ್ತಾರೆ. ಅಟ್ಟ ನಮ್ಮಜ್ಜನ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ ಇದೆ, ಹಾರೈಕೆ ಮಾತ್ರ ವರ್ಷ ವರ್ಷ ಬೆಳೆದಿದೆ. ಎಲ್ಲರೂ ಒಂದೇ ದಿನ ಮೂಟೆ ಹೊತ್ತುಕೊಂಡು ಏಣಿ ಹತ್ತಲಾರರು ಎಂಬ ಧೈರ್ಯದ ಮೇಲೆ ನಮ್ಮ ಹಿರಿಯರ ಔದಾರ್ಯ ನಿಂತಿದೆ.

ಯಾರ ಪಾಲಿನ ಅಟ್ಟ ಎಷ್ಟು ತುಂಬಿದೆ ಎಂದು ಹೇಳುವ ಕೆಲಸ ನನ್ನದು. ಹತ್ತಿ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಗೊತ್ತಾಗುವುದಿಲ್ಲ. ನೀವು ಒಂದು ಹಂಡೆ ಇಟ್ಟರೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಅಟ್ಟ ಅದರ ಜೋಡಿಯನ್ನು ನಿಮಗೆ ಕಾಣದ ಕಡೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದರ ಜಾಗ ಎರಡಾಗುತ್ತದೆ. ಇದನ್ನು ಮಕ್ಕಳೂ ಬಲ್ಲರು. ಆದ್ದರಿಂದ ಕಣ್ಣನ್ನು ನಂಬದೆ ಕಿವಿಯನ್ನು ನಂಬುವುದು ನಮ್ಮಲ್ಲಿ ರೂಢಿ. ನಾನು ಮನೆಮನೆಗೆ ಹೋಗಿ, ಬಿದಿರು ಗಳದಿಂದ ಅಟ್ಟವನ್ನು ಕೆಳಗಿನಿಂದ ತಟ್ಟಿ ಆಲಿಸುತ್ತೇನೆ. ಖಾಲಿ ಇದ್ದರೆ ತಾಳದ ಹಾಗೆ ದನಿ ಬಿಡುತ್ತದೆ. ತುಂಬಿದ್ದರೆ ಉಂಡವನ ಹೊಟ್ಟೆಯ ಹಾಗೆ ದೊಪ್ಪೆನ್ನುತ್ತದೆ. ಕಾಲು, ಅರೆ, ಮುಕ್ಕಾಲು, ತುಂಬು ಎಂದು ಮನಸ್ಸಿನಲ್ಲಿಟ್ಟುಕೊಂಡು, ಸೋಮವಾರ ಚಾವಡಿಯಲ್ಲಿ ನಿಂತು ಊರಿಗೆ ಒಪ್ಪಿಸುತ್ತೇನೆ.

ಈ ಕೆಲಸ ನನಗೇ ಯಾಕೆ ಬಂತೆಂದರೆ, ಬುದ್ಧಿ ಬಂದಾಗಿನಿಂದ ಸಂಜೆಯ ಕಾವ್ಯವಾಚನಕ್ಕೆ ಚಾವಡಿಯ ಕಂಬಕ್ಕೊರಗಿ ಕೂತವನು ನಾನು. ಓದುವವರು ಎಲ್ಲಿ ಉಸಿರು ಕದ್ದರು, ಎಲ್ಲಿ ಒಂದು ಪಾದ ನುಂಗಿ ರಾಗದಲ್ಲಿ ಮುಚ್ಚಿಹಾಕಿದರು, ನನಗೆ ತಿಳಿಯುತ್ತದೆ. ತಿಳಿದರೂ ಎದ್ದು ಹೇಳುವುದಿಲ್ಲ, ಕೈ ಮುಗಿದು ಸುಮ್ಮನೆ ಮನೆಗೆ ಬರುತ್ತೇನೆ. ಸಮಿತಿಯ ಯಜಮಾನರಾದ ಪರ್ವತಪ್ಪನವರಿಗೆ ಹಿಡಿಸಿದ್ದು ನನ್ನ ಕಿವಿಯೋ ಈ ಎರಡನೆಯ ಗುಣವೋ, ನಾನು ಕೇಳಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿರುವ ಚೆನ್ನಾಜಮ್ಮ ಮದುವೆ ಮನೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುವವಳು. ಕೊಪ್ಪರಿಗೆ, ಹಂಡೆ, ಪರಾತ, ಜಾಲರಿ ಸೌಟು, ಪಾಯಸದ ಕೊಳಗ, ಎಲ್ಲವೂ ಅವಳ ಹತ್ತಿರ ಇದೆ. ಮನೆ ಮಾತ್ರ ಒಂದೇ ಅಂಕಣ. ಒಲೆ, ಅವಳು, ಏಣಿ, ಅಲ್ಲಿಗೆ ಮನೆ ಮುಗಿಯಿತು. ಪಾತ್ರೆಯೆಲ್ಲ ಇರುವುದು ಅಟ್ಟದಲ್ಲಿ. ಏಣಿ ಹೋದರೆ ಪಾತ್ರೆ ಇಡಲು ನೆಲವಿಲ್ಲ, ಪಾತ್ರೆ ಹೋದರೆ ಅವಳಿಗೆ ಅನ್ನವಿಲ್ಲ. ಗಂಡ ಉಗ್ರಪ್ಪ ಮದುವೆಯಾದ ವರ್ಷವೇ ಒಂದು ನಾಟಕದ ಕಂಪನಿಯ ಹಿಂದೆ ಪರದೆ ಎಳೆಯುವವನಾಗಿ ಹೋದ. ಹೆಸರಿಗೆ ಉಗ್ರಪ್ಪ, ಇದ್ದಷ್ಟು ದಿನ ಅವನು ಮಾಡಿದ ಉಗ್ರವಾದ ಕೆಲಸವೆಂದರೆ ನಿದ್ದೆ. ಆಮೇಲೆ ಅವನು ಸತ್ತನೆಂದು ಕೆಲವರು ಹೇಳಿದರು, ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದನೆಂದು ಕೆಲವರು. ಚೆನ್ನಾಜಮ್ಮ ಎರಡು ಸುದ್ದಿಯನ್ನೂ ಕೇಳಿಸಿಕೊಂಡು, ಕುಂಕುಮವನ್ನೂ ಬಿಡದೆ, ದಾರಿಯನ್ನೂ ನೋಡದೆ, ತಲೆಗೂದಲು ಬೆಳ್ಳಗಾಗುವ ತನಕ ಕೊಪ್ಪರಿಗೆ ತಿಕ್ಕಿದಳು.

ಪರ್ವತಪ್ಪನವರ ಮೊಮ್ಮಗಳ ಮದುವೆ ಬಂತು. ಚೆನ್ನಾಜಮ್ಮನ ಪಾತ್ರೆಗಳೆಲ್ಲ, ಒಂದು ಸೌಟೂ ಉಳಿಯದಂತೆ, ಅವರ ಹಿತ್ತಲಿಗೆ ಹೋದವು. ಅದೇ ಗಡಿಬಿಡಿಯಲ್ಲಿ ಯಜಮಾನರ ಹೆಂಡತಿ ಹೆಚ್ಚಾಗಿದ್ದ ಹಾಸಿಗೆಯೊಂದನ್ನು ಅಟ್ಟಕ್ಕೆ ತಳ್ಳಿದರು. ಹಾಸಿಗೆ ಒಂದು ಗಳಿಗೆ ಮೇಲಿದ್ದು, ಯೋಚನೆ ಮಾಡಿದಂತೆ ಮಾಡಿ, ಅವರ ತಲೆಯ ಮೇಲೇ ಬಂದು ಬಿತ್ತು. ಅಟ್ಟದಲ್ಲಿ ಜಾಗವಿಲ್ಲದಾಗ ಹೀಗಾಗುತ್ತದೆ. ಬಡವರ ಮನೆಯಲ್ಲಿ ಎಷ್ಟೋ ದಿನದಿಂದ ಮೂಟೆಗಳು ಹೀಗೆ ಬೀಳುತ್ತಲೇ ಇದ್ದವು, ಆದರೆ ಅದನ್ನು ಯಾರೂ ಜಾಗದ ಕೊರತೆ ಎನ್ನುತ್ತಿರಲಿಲ್ಲ, ಇಡಲು ಬರದವರ ಕೈ ಎನ್ನುತ್ತಿದ್ದರು. ಹಾಸಿಗೆ ಬಿದ್ದದ್ದು ಯಜಮಾನರ ಮನೆಯಲ್ಲಾದ್ದರಿಂದ ಅದು ಊರಿನ ಸಮಸ್ಯೆಯಾಯಿತು. ಎಲ್ಲ ಮನೆಗಳನ್ನೂ ತಟ್ಟಿ, ಜಾಗ ನುಂಗಿದವರು ಯಾರೆಂದು ಹೇಳುವಂತೆ ನನಗೆ ಅಪ್ಪಣೆಯಾಯಿತು.

ತಟ್ಟುತ್ತಾ ಹೋದೆ. ಕಾಲು, ಅರೆ, ಅರೆ, ಕಾಲು. ಚೆನ್ನಾಜಮ್ಮನ ಮನೆಯಲ್ಲಿ ಗಳ ಎತ್ತಿ ತಟ್ಟಿದಾಗ ಬಂದ ಸದ್ದಿಗೆ ನನ್ನ ಮುಂಗೈ ಜುಮ್ಮೆಂದಿತು. ತುಂಬು. ತುಂಬು ಎನ್ನುವುದಕ್ಕೂ ನಾಚಿಕೆಯಾಗುವಷ್ಟು ತುಂಬು.

"ಮರಿಸ್ವಾಮಣ್ಣ, ಮೇಲೆ ಒಂದು ಚಮಚವೂ ಇಲ್ಲ. ಹತ್ತಿ ನೋಡಿ" ಅಂದಳು ಅವಳು.

ಹತ್ತಿ ನೋಡಿದೆ. ಒಂದು ಚಮಚವೂ ಇರಲಿಲ್ಲ. ಇಳಿದು ಬಂದು ಮತ್ತೆ ತಟ್ಟಿದೆ. ಅದೇ ದೊಪ್ಪು. ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುವುದು ನನ್ನ ಧರ್ಮ. ಸೋಮವಾರ ಚಾವಡಿಯಲ್ಲಿ ಅವಳ ಹೆಸರು ಬಂದಾಗ ದನಿ ತಗ್ಗಿಸಿ 'ತುಂಬು' ಎಂದೆ. ತಗ್ಗಿಸಿದ್ದರಿಂದ ಎಲ್ಲರಿಗೂ ಇನ್ನೂ ಚೆನ್ನಾಗಿ ಕೇಳಿಸಿತು.

ಮುಕ್ಕಾಲು ದಾಟಿದವರ ಏಣಿ ಇಳಿಸಿ ಸಮಿತಿಯ ಹಿತ್ತಲಿಗೆ ಸಾಗಿಸುವುದು ಕಟ್ಟಳೆ. ಆದರೂ ನಮ್ಮವರು ನ್ಯಾಯ ನೋಡದೆ ಏನನ್ನೂ ಮಾಡುವವರಲ್ಲ. ಸಮಿತಿಯವರು ಒಬ್ಬೊಬ್ಬರಾಗಿ ಚೆನ್ನಾಜಮ್ಮನ ಏಣಿ ಹತ್ತಿ, ಖಾಲಿ ಅಟ್ಟವನ್ನು ಕಣ್ಣಾರೆ ನೋಡಿ, ಇಳಿದು ಬಂದು, ಅಟ್ಟ ತುಂಬಿದೆ ಎಂದು ತೀರ್ಮಾನಿಸಿದರು. ಪಕ್ಕದೂರಿನ ಪಾತ್ರೆ ಕದ್ದಿಟ್ಟಿದ್ದಾಳೆ, ಅದು ನಮ್ಮ ಕಣ್ಣಿಗೆ ಕಾಣುತ್ತಿಲ್ಲ ಎಂದರು ಒಬ್ಬರು. ಜೋಡಿ ಲೆಕ್ಕದಲ್ಲಿ ಯಾರದೋ ಜೋಡಿ ಇವಳ ಕಡೆಗೆ ಉರುಳಿರಬೇಕು ಎಂದರು ಇನ್ನೊಬ್ಬರು. ಅಟ್ಟ ಖಾಲಿಯಿದ್ದೂ ತುಂಬಿದ ಸದ್ದು ಮಾಡುವಂತೆ ಇವಳೇ ಏನೋ ಮಾಡಿಸಿದ್ದಾಳೆ ಎಂಬ ಮಾತೂ ಬಂತು. ತನ್ನ ಏಣಿ ತಾನೇ ಕಳೆದುಕೊಳ್ಳಲು ಯಾರಾದರೂ ಮಾಟ ಮಾಡಿಸುತ್ತಾರೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಸಭೆ ಬೇಗ ಮುಗಿದುಬಿಡುತ್ತಿತ್ತು. ಕೊನೆಗೆ ಪರ್ವತಪ್ಪನವರು ದೊಡ್ಡ ಮನಸ್ಸು ಮಾಡಿದರು. ಬೀಗರ ಔತಣ ಮುಗಿಯುವವರೆಗೆ ಏಣಿ ಇರಲಿ, ಪಾತ್ರೆಗಳು ನಮ್ಮ ಮನೆಯಲ್ಲೇ ಇವೆ, ಕೆಲಸ ಆದ ಮೇಲೆ ಇಳಿಸೋಣ ಎಂದರು. ಅವರ ಈ ದಯೆಗೆ ಸಭೆ ತಲೆದೂಗಿತು.

ಮರುದಿನ ಮಧ್ಯಾಹ್ನ ಚೆನ್ನಾಜಮ್ಮ ನಮ್ಮ ಜಗಲಿಗೆ ಬಂದಳು. ಬೈಯಲಿಲ್ಲ. ಅದೇ ಕಷ್ಟವಾಯಿತು.

"ನಿಮ್ಮ ಕಿವಿ ಸುಳ್ಳು ಹೇಳಲ್ಲ, ನನ್ನ ಕಣ್ಣೂ ಸುಳ್ಳು ಹೇಳಲ್ಲ. ಅಂದಮೇಲೆ ಮೇಲೆ ಏನೋ ಐತೆ. ಕೇಳಿ ಹೇಳಿ, ಅಣ್ಣಾ. ಎಷ್ಟು ಐತೆ ಅಂತ ಹೇಳಿದ್ರಿ, ಏನೈತೆ ಅಂತ ಹೇಳಲಿಲ್ಲ."

ಇಷ್ಟು ವರ್ಷ ಎಷ್ಟು ಎಂದೇ ಕೇಳಿದವನು ನಾನು. ಏನು ಎಂದು ಕೇಳುವುದು ನನಗೂ ಹೊಸದು. ಅವಳ ಮನೆಗೆ ಹೋಗಿ, ಏಣಿ ಹತ್ತಿ, ಬರಿಯ ಹಲಗೆಯ ಮೇಲೆ ಮಲಗಿ, ಕಿವಿ ಒತ್ತಿದೆ. ವಾಚನಕ್ಕೆ ಕೂತಾಗ ಮಾಡುವಂತೆ ಕಣ್ಣು ಮುಚ್ಚಿ ಉಸಿರು ತಗ್ಗಿಸಿದೆ.

ಮೊದಲು ಏನೂ ಇಲ್ಲ. ಆಮೇಲೆ ಕಂಚಿನ ಸಣ್ಣ ಗುಂಯ್. ಅದು ಪಾಯಸದ ಕೊಳಗ. ಅದರ ಕೆಳಗೆ ಅದೇ ಕೊಳಗ, ಆದರೆ ಕಂಠ ನೆಗ್ಗದಿದ್ದಾಗಿನ ದನಿ. ಅದರ ಕೆಳಗೆ ಅದೇ, ಇನ್ನೂ ಹೊಸದಾಗಿದ್ದಾಗ. ಕೊಪ್ಪರಿಗೆಯೂ ಹಾಗೆಯೇ. ತಳ ಬದಲಿಸಿದ ಕೊಪ್ಪರಿಗೆಯ ಕೆಳಗೆ ತಳ ಸೋರುತ್ತಿದ್ದ ಕೊಪ್ಪರಿಗೆ, ಅದರ ಕೆಳಗೆ ಗಟ್ಟಿ ತಳದ್ದು. ಒಂದೇ ಪಾತ್ರೆ, ಎಷ್ಟೆಷ್ಟೋ ವಯಸ್ಸು, ಒಂದರ ಮೇಲೊಂದು. ಎಲ್ಲಕ್ಕಿಂತ ಕೆಳಗೆ, ತುಂಬ ಕೆಳಗೆ, ಇನ್ನೊಂದು ಸದ್ದಿತ್ತು. ಲೋಹದ್ದಲ್ಲ. ಏರುತ್ತಿತ್ತು, ನಿಲ್ಲುತ್ತಿತ್ತು, ಶಿಳ್ಳೆಯ ಹಾಗೆ ಇಳಿಯುತ್ತಿತ್ತು.

ಇಳಿದು ಬಂದು ಅವಳ ಏಣಿ ನೋಡಿದೆ. ಏಣಿಯ ಮೇಲಿನ ಮೆಟ್ಟಿಲಿಗೆ ಕಟ್ಟಿ ಕಟ್ಟಿ ಅರಿಸಿನದ ದಾರಗಳು ಒಂದು ತೋಳಿನಷ್ಟು ದಪ್ಪ ಕೂತಿದ್ದವು. ಪ್ರತಿ ಮನೆಯ ಏಣಿಗೂ ಇರುವಂಥವೇ. ಮಳೆಗಾಲಕ್ಕೆ ಮುಂಚೆ ಕಾವ್ಯ ಓದಿ ಮುಗಿಸಿದ ದಿನ ಸಮಿತಿಯವರು ಮನೆಮನೆಗೆ ಬಂದು ಇರವಿನ ದಾರ ಕಟ್ಟುತ್ತಾರೆ. ಈ ಹೊತ್ತು ಅಟ್ಟದಲ್ಲಿ ಏನೇನಿದೆಯೋ ಅದು ಹಾಗೆಯೇ ಉಳಿಯಲಿ ಎಂದು. ಮುಂದೆ ಕೇಡಾದರೆ ದಾರ ಬಿಚ್ಚಬಹುದು, ಬಿಚ್ಚಿದರೆ ಆ ದಾರ ಕಟ್ಟಿದ ದಿನ ಅಟ್ಟ ಹೇಗಿತ್ತೋ ಹಾಗೆ ಆಗುತ್ತದೆ. ನಮ್ಮಪ್ಪನ ಕಾಲದಲ್ಲಿ ಗೆದ್ದಲು ಹಿಡಿದಾಗ ಹಾಗೆ ಬಿಚ್ಚಿ, ಹಾಳಾದ ಕಾಳನ್ನು ಹಸನಾಗಿ ಇಳಿಸಿಕೊಂಡರಂತೆ. ಅಂದಿನಿಂದ ಭಕ್ತಿ ಹೆಚ್ಚಾಗಿ, ಕಟ್ಟುವುದನ್ನು ಒಂದು ವರ್ಷವೂ ತಪ್ಪಿಸಿಲ್ಲ. ಬೇಡವಾದ ಹಳೆಯ ದಾರವನ್ನು ಕತ್ತರಿಸಿದರೆ ಅದು ಹಿಡಿದದ್ದು ಬಿಟ್ಟುಹೋಗುತ್ತದೆ ಎಂದೂ ಹಿರಿಯರು ಹೇಳಿದ್ದರು. ಆದರೆ ಮಂಗಳದ ದಾರಕ್ಕೆ ಕತ್ತರಿ ಹಾಕುವುದುಂಟೇ? ಆ ಮಾತನ್ನು ಮಾತ್ರ ಊರು ಬಹಳ ವಿನಯದಿಂದ ಮರೆತಿತ್ತು. ನಾನೂ ಮರೆತಿದ್ದೆ. ದಾರ ಕಟ್ಟುವ ದಿನ ಕಣ್ಣು ತುಂಬಿ ಕೈ ಮುಗಿಯುವವರಲ್ಲಿ ನಾನೇ ಮೊದಲಿಗ.

ಚೆನ್ನಾಜಮ್ಮನಿಗೆ ತಿಳಿಯುವಂತೆ ಹೇಳಿದೆ. ಓದುವವರು ಒಂದು ಪದ್ಯವನ್ನು ಪ್ರತಿ ವರ್ಷ ಒಂದೇ ಥರ ಓದಿದರೆ ಕೇಳುವವನ ತಲೆಯಲ್ಲಿ ಒಂದೇ ಪದ್ಯ ಇರುತ್ತದೆ. ಪ್ರತಿ ಸಲ ಒಂದು ಪದ ಬದಲಿಸಿದರೆ, ಹಳೆಯದನ್ನೂ ಬಿಡಲಾರದ ನನ್ನಂಥವನ ತಲೆಯಲ್ಲಿ ಅಷ್ಟೂ ಪದ್ಯ ಕೂರುತ್ತವೆ. ನಿನ್ನ ಅಟ್ಟ ನನ್ನ ತಲೆಯ ಹಾಗೆ, ಅಮ್ಮಾ. ನಿನ್ನ ಪಾತ್ರೆ ಮದುವೆಗೆ ಹೋಗುತ್ತದೆ, ನೆಗ್ಗಿ ಬರುತ್ತದೆ, ಕಲಾಯಿ ಕಂಡು ಬರುತ್ತದೆ. ಅಟ್ಟಕ್ಕೆ ಅದು ಹೊಸ ಪಾತ್ರೆ. ಹೋದದ್ದರ ಜಾಗವನ್ನು ದಾರ ಬಿಡುವುದಿಲ್ಲ. ನೀನು ಇಳಿಸಿದ್ದೆಲ್ಲ ನಿನ್ನ ಕಣ್ಣಿಗೆ ಇಳಿದಿದೆ, ಅಟ್ಟಕ್ಕೆ ಇಳಿದಿಲ್ಲ.

ಎಲ್ಲಕ್ಕಿಂತ ಕೆಳಗೆ ಏನಿದೆ ಎಂದು ಅವಳು ಕೇಳಿದಳು. ಅಷ್ಟು ಬೇಗ ಅಲ್ಲಿಗೇ ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಗೊರಕೆ ಎಂದೆ.

ಅವಳು ನಗಲಿಲ್ಲ. ಹೊಸದಾಗಿ ಬಂದ ವರ್ಷ, ಮೊದಲನೇ ದಾರ ಕಟ್ಟಲು ಸಮಿತಿಯವರು ಬರುವಾಗ ವಂತಿಗೆ ಕೇಳುತ್ತಾರೆಂದು ಉಗ್ರಪ್ಪ ಅಟ್ಟಕ್ಕೆ ಹತ್ತಿ ಕೂತಿದ್ದನಂತೆ. ಕೂತವನು ಅಲ್ಲೇ ಮಲಗಿದ. ಮೇಲೆ ಮನುಷ್ಯರಿದ್ದಾರೆಯೇ ಎಂದು ನೋಡಿ ದಾರ ಕಟ್ಟುವ ಪದ್ಧತಿ ನಮ್ಮಲ್ಲಿಲ್ಲ. ದಾರ ಕಟ್ಟಿ ಅವರು ಹೋದರು. ಸಂಜೆಗೆ ಉಗ್ರಪ್ಪ ಇಳಿದು ಬಂದು, ಉಂಡು, ಬೆಳಿಗ್ಗೆ ಕಂಪನಿಯ ಗಾಡಿ ಹಿಡಿದ. ಹೋದವನು ಹೋದ. ಮಲಗಿದವನು ದಾರದ ಹಿಡಿತದಲ್ಲಿ ಹಾಗೆಯೇ ಉಳಿದ.

ಮುಂದಿನ ಸಭೆಯಲ್ಲಿ ಯಾರೂ ಕೇಳದಿದ್ದರೂ ನಾನೇ ಎದ್ದು ದಾರದ ವಿಷಯ ಹೇಳಿದೆ. ಕಂಬಕ್ಕೊರಗಿದವನು ಎದ್ದದ್ದು ಕಂಡು ಕೆಲವರು ಯಾರಿಗೋ ಮೈಗೆ ಹುಷಾರಿಲ್ಲ ಎಂದುಕೊಂಡರು. ಪರ್ವತಪ್ಪನವರು ಪೂರ್ತಿ ಕೇಳಿಸಿಕೊಂಡರು.

"ಏನಯ್ಯಾ ಮರಿಸ್ವಾಮಿ, ಅವಳ ಏಣಿಗಿಂತ ನಮ್ಮ ಏಣಿಗೆ ದಾರ ಜಾಸ್ತಿ ಇದಾವೆ. ನಮ್ಮ ತಾತನ ಕಾಲದವೂ ಇದಾವೆ. ನಮ್ಮದು ಯಾಕೆ ತುಂಬಿಲ್ಲ?"

"ನೀವು ಇಟ್ಟದ್ದನ್ನು ಯಾವತ್ತೂ ಮುಟ್ಟಲ್ಲ, ಯಜಮಾನ್ರೇ. ಇದ್ದದ್ದು ಇದ್ದ ಹಾಗೇ ಇದ್ದರೆ ದಾರಕ್ಕೆ ಬೇರೆ ಜಾಗ ಬೇಕಾಗಲ್ಲ. ದುಡಿಯೋ ಪಾತ್ರೆಗೆ ಮಾತ್ರ ಬೇಕು."

ಇದನ್ನು ಅವರು ಹೊಗಳಿಕೆ ಎಂದು ತೆಗೆದುಕೊಂಡರು. ಮುಖ ಅರಳಿತು. ನೋಡಿ, ಇಟ್ಟದ್ದನ್ನು ಕಾಪಾಡಿಕೊಳ್ಳುವವರ ಮನೆ ಹೇಗಿರುತ್ತದೆ ಎಂದು ಸಭೆಗೆ ಬುದ್ಧಿ ಹೇಳಿದರು. ಆಮೇಲೆ ತೀರ್ಪು ಕೊಟ್ಟರು. ತುಂಬು ಎಂದರೆ ತುಂಬು, ಯಾಕೆ ತುಂಬಿತು ಎಂಬುದು ಕಟ್ಟಳೆಯಲ್ಲಿ ಇಲ್ಲ. ಅವಳ ದಾರ ಅವಳು ಕತ್ತರಿಸಿಕೊಂಡರೆ ಪಾಪ ಅವಳದು. ಏಣಿ ಇಳಿಸುವ ದಿನ ಮತ್ತೆ ತಟ್ಟಿ ನೋಡು, ಮುಕ್ಕಾಲಿನ ಒಳಗೆ ಬಂದರೆ ಏಣಿ ಇರಲಿ, ಇಲ್ಲದಿದ್ದರೆ ಇಲ್ಲ.

ಗೊರಕೆಯ ಸುದ್ದಿ ಮಾತ್ರ ಸಭೆಗಿಂತ ಮೊದಲೇ ಊರು ಸುತ್ತಿತ್ತು. ಏಣಿ ಇಳಿಸುವ ದಿನ ಚೆನ್ನಾಜಮ್ಮನ ಬಾಗಿಲಿಗೆ ಅರ್ಧ ಊರು ಬಂದಿತ್ತು. ಏಣಿ ಹೊರುವ ಇಬ್ಬರು ಆಳುಗಳು ಹಗ್ಗ ಹಿಡಿದು ನಿಂತಿದ್ದರು. ಯಜಮಾನರ ಹಿತ್ತಲಿಂದ ಪಾತ್ರೆಗಳೂ ಗಾಡಿಯಲ್ಲಿ ಬಂದು ಬೀದಿಯಲ್ಲಿ ಕಾಯುತ್ತಿದ್ದವು. ತೊಳೆದಿರಲಿಲ್ಲ. ಪರ್ವತಪ್ಪನವರಿಗೆ ಕುರ್ಚಿ ಹಾಕಿದ್ದರು.

ಚೆನ್ನಾಜಮ್ಮ ಅಡಕತ್ತರಿ ಸೆರಗಿನಲ್ಲಿ ಒರೆಸಿಕೊಂಡು ಏಣಿ ಹತ್ತಿದಳು. ಮೇಲಿನ ದಾರ, ಅಂದರೆ ಈಚಿನದು, ಕತ್ತರಿಸಿದಳು. ನಾನು ತಟ್ಟಿದೆ. ಹೆಚ್ಚೇನೂ ಬದಲಾಗಲಿಲ್ಲ. ಇನ್ನೊಂದು, ಮತ್ತೊಂದು. ಕತ್ತರಿಸಿದಂತೆಲ್ಲ ಮೇಲೆ ಏನೋ ನಿಟ್ಟುಸಿರು ಬಿಟ್ಟಂತಾಗಿ, ದೊಪ್ಪೆನ್ನುವ ದನಿ ಸ್ವಲ್ಪ ಸ್ವಲ್ಪವೇ ತೆಳುವಾಯಿತು. ನೆಗ್ಗಿದ ಕೊಳಗಗಳು ಹೋದವು, ಸೋರುವ ಕೊಪ್ಪರಿಗೆ ಹೋಯಿತು. ನನ್ನ ಬಾಯಲ್ಲಿ ಮಂಗಳದ ಪದ್ಯ ತಾನಾಗಿ ಬರುತ್ತಿತ್ತು, ಪಾಪಕ್ಕೆ ಹೇಳುತ್ತಿದ್ದೇನೋ ಪುಣ್ಯಕ್ಕೋ ನನಗೇ ತಿಳಿಯಲಿಲ್ಲ. ಕೊನೆಗೆ ಒಂದೇ ದಾರ ಉಳಿಯಿತು. ಹೊಗೆ ಹಿಡಿದು ಕಪ್ಪಾಗಿದ್ದ ಮೊದಲನೆಯದು. ತಟ್ಟಿದೆ. ಮುಕ್ಕಾಲು, ಮೇಲೊಂದಿಷ್ಟು. ಇದ್ದಾಗ ಮನೆಯ ಹೆಚ್ಚುಕಡಿಮೆ ಅರ್ಧ ಜಾಗ ಹಿಡಿದು ಮಲಗುತ್ತಿದ್ದವನು ಈಗಲೂ ಅಷ್ಟೇ ಹಿಡಿದಿದ್ದ. ಮೇಲೆ ಅಟ್ಟ ಇಟ್ಟುಕೊಂಡ ಅವನ ಜೋಡಿ ಬೇರೆ.

ಕೇಳಿದ್ದನ್ನು ಹೇಳಿದೆ. ಆಳುಗಳು ಹಗ್ಗ ಬಿಚ್ಚತೊಡಗಿದರು.

ಆಗ ಪರ್ವತಪ್ಪನವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅವರ ಕಣ್ಣಲ್ಲಿ ನಿಜವಾದ ಕರುಣೆ ಇತ್ತು, ಅದನ್ನು ಇಲ್ಲವೆನ್ನಲಾರೆ.

"ಚೆನ್ನಾಜಿ, ಅದನ್ನ ಕತ್ತರಿಸಬೇಡಮ್ಮ. ಬಿಚ್ಚು. ಬಿಚ್ಚಿದರೆ ಆವತ್ತಿನ ಅಟ್ಟ ಆಗುತ್ತೆ, ಅವನು ಇಳಿದು ಬರ್ತಾನೆ. ಗಂಡ ಬಂದಮೇಲೆ ಏಣಿ ಯಾಕೆ, ಪಾತ್ರೆ ಯಾಕೆ? ಅವನು ನೋಡಿಕೊಳ್ತಾನೆ."

ಊರಿಗೆ ಊರೇ ಹೌದೆಂದಿತು. ಹೆಂಗಸರು ಆರತಿ ತಟ್ಟೆ ತರಲು ಓಡಿದರು. ಇಷ್ಟು ವರ್ಷ ಅವಳ ಮನೆಗೆ ಒಂದು ಹಿಡಿ ಅಕ್ಕಿ ತಂದಿರದವರು ಅಕ್ಕಿ ಕಾಳು ಹಿಡಿದು ಬಾಗಿಲಲ್ಲಿ ನಿಂತರು, ಇಳಿದು ಬರುವವನ ತಲೆಗೆ ಹಾಕಲು. ಸೀರೆ ಬದಲಾಯಿಸಿಕೋ ಎಂದಿತು ಒಂದು ದನಿ. ಅವನು ಹೋದಾಗ ಮೀಸೆ ಚಿಗುರಿದ ವಯಸ್ಸು, ಇವಳಿಗೀಗ ಮಂಡಿ ನೋವು ಎಂಬ ಲೆಕ್ಕ ಯಾರ ಮನಸ್ಸಿಗೂ ಬಂದಂತೆ ಕಾಣಲಿಲ್ಲ.

ಚೆನ್ನಾಜಮ್ಮ ಏಣಿಯ ಮೇಲೆಯೇ ಕೂತಳು. ದಾರದ ಗಂಟಿನ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ನನ್ನ ಕಡೆ ತಿರುಗಿ, ಇನ್ನೂ ಮಲಗಿದ್ದಾನಾ ಎಂದು ಮೆಲ್ಲಗೆ ಕೇಳಿದಳು. ಗಳದ ತುದಿ ಹಲಗೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟೆ. ಏರುತ್ತಿತ್ತು, ನಿಲ್ಲುತ್ತಿತ್ತು, ಇಳಿಯುತ್ತಿತ್ತು. ಹೌದೆಂದು ತಲೆಯಾಡಿಸಿದೆ. ಗಳವನ್ನು ಅವಳ ಕಡೆ ಚಾಚಿದೆ. ಅವಳೂ ಕಿವಿಯಿಟ್ಟಳು. ತುಂಬ ಹೊತ್ತು ಕೇಳಿದಳು. ಅಷ್ಟು ಚೆನ್ನಾಗಿ ಕೇಳುವವರನ್ನು ನಾನು ಚಾವಡಿಯಲ್ಲಿ ಕಂಡಿಲ್ಲ.

"ಯಜಮಾನ್ರೇ" ಅಂದಳು ಆಮೇಲೆ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ. "ಇವತ್ತು ಇಳಿದು ಬಂದ್ರೆ, ಉಂಡು, ನಾಳೆ ಬೆಳಿಗ್ಗೆ ಕಂಪನಿ ಎಲ್ಲೈತೆ ಅಂತ ಕೇಳ್ತಾನೆ. ಆವತ್ತಿನ ಉಗ್ರಪ್ಪ ಅಲ್ವಾ ಅವನು, ಅವನಿಗೆ ಅದೇ ಗೊತ್ತಿರೋದು. ಒಂದು ಸಲ ಕಳಿಸಿಕೊಟ್ಟಿದ್ದೀನಿ. ಎರಡನೇ ಸಲ ನನ್ನ ಕೈಲಾಗಲ್ಲ."

ಅಡಕತ್ತರಿ ಮುಚ್ಚಿದ ಸದ್ದು ಚಿಕ್ಕದು. ಕತ್ತರಿಸಿದ ದಾರ ಏಣಿಯ ಮೆಟ್ಟಿಲಿನಿಂದ ಮೆಟ್ಟಿಲಿಗೆ ತಾಗುತ್ತಾ ಕೆಳಗೆ ಬಿತ್ತು. ನಾನು ಮತ್ತೆ ಕಿವಿಯಿಟ್ಟಿದ್ದ ಗಳದ ತುದಿಯಲ್ಲಿ ಏರುತ್ತಿದ್ದ ಉಸಿರು ನಿಂತಿತು, ಇಳಿಯಲಿಲ್ಲ. ಅಕ್ಕಿ ಹಿಡಿದವರು ಅದನ್ನು ಏನು ಮಾಡುವುದೆಂದು ತಿಳಿಯದೆ, ಚೆಲ್ಲಲಾರದೆ, ಸೆರಗಿಗೆ ಕಟ್ಟಿಕೊಂಡು ಮನೆಯ ದಾರಿ ಹಿಡಿದರು. ಯಜಮಾನರು, ಕಟ್ಟಳೆಯಲ್ಲಿ ಇದಕ್ಕೆ ಮಾತಿಲ್ಲವಾದ್ದರಿಂದ, ತಟ್ಟಯ್ಯಾ ಎಂದರು ನನಗೆ.

ತಟ್ಟಿದೆ. ದೇವರ ಮುಂದೆ ಒಂದೇ ಒಂದು ಸಲ ಬಾರಿಸಿದ ತಾಳದ ಹಾಗೆ ದನಿ ಎದ್ದು, ಹಲಗೆ ಹಲಗೆ ದಾಟಿ, ಪಕ್ಕದ ಮನೆಗಳ ಅಟ್ಟದಲ್ಲೂ ಓಡಿ, ಎಲ್ಲೋ ದೂರದಲ್ಲಿ ಕರಗಿತು. ಖಾಲಿ ಎಂದೆ. ಹಗ್ಗ ಹಿಡಿದ ಆಳುಗಳು ಯಜಮಾನರ ಮುಖ ನೋಡಿದರು. ಯಜಮಾನರು ಕುರ್ಚಿ ಎತ್ತಿಸಿದರು.

ಚೆನ್ನಾಜಮ್ಮ ಏಣಿಯಿಂದ ಇಳಿಯಲಿಲ್ಲ. ಆಳುಗಳನ್ನು ಕರೆದು, ಬಂದವರು ಬರಿಗೈಯಲ್ಲಿ ಹೋಗಬೇಡಿ, ಗಾಡಿಯಿಂದ ಕೊಪ್ಪರಿಗೆ ಇಳಿಸಿ ಬಾವಿಕಟ್ಟೆಗೆ ಇಡಿ, ತೊಳೆಯೋದು ನನ್ನ ಕೆಲಸ ಎಂದಳು. ಅವರು ಹೋದ ಮೇಲೆ ಕಣ್ಣು ಒರೆಸಿಕೊಂಡು, ತಲೆ ವಾರೆ ಮಾಡಿ, ಮೇಲಕ್ಕೆ ನೋಡಿದಳು.

"ಇನ್ನೊಂದು ಸಲ ತಟ್ಟಿ, ಮರಿಸ್ವಾಮಣ್ಣ" ಅಂದಳು. "ಪಾತ್ರೆ ಏರಿಸೋಕೆ ಮುಂಚೆ."